ಬಗಾನಿನಲ್ಲಿ ಬರಿಗಾಲು

ಮೇ ತಿಂಗಳಲ್ಲಿ ಬಗಾನಿಗೆ ಹೋದರೆ ಜನ ಕಡಿಮೆ ಎಂದು ಯಾರೋ ಹೇಳಿದ್ದನ್ನು ನಂಬಿ ಹೊರಟ ಹರಟೆಗಾರ ಮಹಾಶಯನಿಗೆ, ಜನ ಯಾಕೆ ಕಡಿಮೆ ಎಂಬುದು ಮೊದಲ ಗುಡಿಯ ಬಾಗಿಲಲ್ಲೇ ತಿಳಿಯಿತು. ಬಿಸಿಲು 40 ಡಿಗ್ರಿ ದಾಟಿತ್ತು. ಮಳೆ ಇನ್ನೂ ಬಂಗಾಳ ಕೊಲ್ಲಿಯಲ್ಲೇ ಮೀನಮೇಷ ಎಣಿಸುತ್ತಿತ್ತು.

ಮ್ಯಾನ್ಮಾರ್‌ನ ಗುಡಿಗಳಲ್ಲಿ ಚಪ್ಪಲಿಯಷ್ಟೇ ಅಲ್ಲ, ಕಾಲುಚೀಲವೂ ನಿಷಿದ್ಧ. "ಇದೇನು ಮಹಾ, ನಾವೂ ದೇವಸ್ಥಾನ ಸುತ್ತಿದವರೇ" ಎಂದು ಬೀಗುತ್ತಾ ಕೆಂಪು ಇಟ್ಟಿಗೆಯ ಮೇಲೆ ಕಾಲಿಟ್ಟ. ಮರುಕ್ಷಣ ಕಾದ ಕಾವಲಿಗೆ ಬಿದ್ದ ನೀರಹನಿಯಂತೆ ಚಿಮ್ಮಿದ. ಎಡಗಾಲು, ಬಲಗಾಲು, ಹಿಮ್ಮಡಿ, ಬೆರಳತುದಿ. ಯಕ್ಷಗಾನದ ವೇಷವೂ ಇಷ್ಟು ಕುಣಿದಿರಲಾರದು. ಪಕ್ಕದಲ್ಲೇ, ಕೆನ್ನೆಗೆ ತನಾಖಾ ತೊಗಟೆಯ ಲೇಪ ಬಳಿದಿದ್ದ ಅಜ್ಜಿಯೊಬ್ಬಳು ಅದೇ ಇಟ್ಟಿಗೆಗಳ ಮೇಲೆ ವಾಯುವಿಹಾರಕ್ಕೆ ಬಂದವಳಂತೆ ನಡೆದುಹೋದಳು.

ಬಗಾನಿನಲ್ಲಿ ಇಂದಿಗೂ ಉಳಿದಿರುವ ಗುಡಿ, ಸ್ತೂಪಗಳು 2,000ಕ್ಕೂ ಹೆಚ್ಚು. ಮಹಾಶಯನ ಪಟ್ಟಿ ಎರಡಕ್ಕಿಳಿಯಿತು.

ಎರಡನೆಯದು 1105ರಲ್ಲಿ ಕಟ್ಟಿದ ಆನಂದ ದೇಗುಲ. ಒಳಗೆ ಅರೆಗತ್ತಲು, ತಣ್ಣನೆಯ ನೆಲ. ಅಂಗಾಲಿಗೆ ಅದೇ ನಿರ್ವಾಣ. ಅಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತ ಬುದ್ಧ ಹತ್ತಿರದಿಂದ ಗಂಭೀರನಾಗಿ ಕಾಣುತ್ತಾನೆ, ದೂರ ಸರಿದರೆ ಮುಗುಳ್ನಗುವಂತೆ. ಮಹಾಶಯ ಕುಂಟುತ್ತಾ ದೂರ ಸರಿದ.

ಬುದ್ಧ ನಕ್ಕೇಬಿಟ್ಟ.