ಎರಡು ಸೀಟಿನ ಕಾರಿನ ಜೀರ್ಣೋದ್ಧಾರ: ಮನೆಬಳಕೆಯ ಕೈಪಿಡಿ

ಈ ಕೈಪಿಡಿ 1992ನೇ ಮಾದರಿಯ ಮಾಜ್ದಾ ಮಿಯಾಟಾ ಕಾರಿಗೆ ಅನ್ವಯಿಸುತ್ತದೆ. ಬೇರೆ ಕಾರುಗಳಿಗೂ ಅನ್ವಯಿಸಬಹುದು, ಆದರೆ ಬೇರೆ ಕಾರು ಇಟ್ಟುಕೊಂಡವರು ಇಂಥದ್ದನ್ನು ಹುಡುಕಿಕೊಂಡು ಓದುವಷ್ಟು ಕಷ್ಟಕ್ಕೆ ಬಿದ್ದಿರುವುದಿಲ್ಲ. ಕೆಲಸ ಶುರುಮಾಡುವ ಮುಂಚೆ ಕಡೆಯವರೆಗೂ ಓದಿಕೊಳ್ಳಿ. ನನಗೆ ಆ ಸೌಲಭ್ಯ ಇರಲಿಲ್ಲ.

ಕಾರಿನ ಪರಿಚಯ

ಎರಡೇ ಸೀಟು. ಬಟ್ಟೆಯ ಚಾವಣಿ. ಬೇಕೆಂದಾಗ ಎದ್ದು, ಬೇಡವೆಂದಾಗ ಬಾನೆಟ್ಟಿನೊಳಗೆ ಮಲಗುವ ಹೆಡ್‌ಲೈಟು. 1.6 ಲೀಟರಿನ ಎಂಜಿನ್ನು, 116 ಕುದುರೆಯ ಶಕ್ತಿ, ಒಂದು ಟನ್ನಿನ ಆಸುಪಾಸು ತೂಕ. 1970ರ ದಶಕದ ಕೊನೆಯಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ವಾಹನ ಪತ್ರಕರ್ತ, ಹಳೇ ಬ್ರಿಟಿಷ್ ಕಾರುಗಳ ಹಾಗೆ ಮುಂದೆ ಎಂಜಿನ್ನು, ಹಿಂದಿನ ಚಕ್ರಕ್ಕೆ ಬಲ, ತಲೆಯ ಮೇಲೆ ಆಕಾಶ ಇರುವ ಸರಳವಾದ ಕಾರೊಂದನ್ನು ನೀವು ಯಾಕೆ ಮಾಡಬಾರದು ಎಂದು ಮಾಜ್ದಾದ ಕೆನಿಚಿ ಯಾಮಾಮೊಟೊ ಅವರ ತಲೆಯಲ್ಲಿ ಹುಳ ಬಿಟ್ಟ. ಆ ಹುಳ 1989ರ ಫೆಬ್ರವರಿಯಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಕಾರಾಗಿ ಹೊರಬಂತು. 2016ರ ಏಪ್ರಿಲ್ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಹತ್ತು ಲಕ್ಷ ಸಂಸಾರಗಳಲ್ಲಿ ‘ಇದು ನಮಗೆ ಯಾಕೆ ಬೇಕಿತ್ತು’ ಎಂಬ ಮಾತು ಬಂದಿರಬೇಕು ಎಂದು ನನ್ನ ಅಂದಾಜು.

ಅದನ್ನು ರೂಪಿಸಿದವರು ಹಿಡಿದ ಸೂತ್ರ ‘ಜಿನ್‌ಬಾ ಇತ್ತೈ’. ಕುದುರೆಯೂ ಸವಾರನೂ ಒಂದೇ ಜೀವ ಎಂದರ್ಥ. ನ್ಯೂಜೆರ್ಸಿಯ ನಮ್ಮ ಮನೆಗೆ ಆರು ತಿಂಗಳ ವೀಸಾದಲ್ಲಿ ಬಂದಿದ್ದ ಅಪ್ಪನಿಗೆ ಇದನ್ನು ಬಿಡಿಸಿ ಹೇಳಿದೆ. ಅವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಕುದುರೆ ಸವಾರ ಒಂದೇ ಸರಿ ಕಣೋ, ನಿಮ್ಮಮ್ಮ ಎಲ್ಲಿ ಕೂತ್ಕೋತಾಳೆ?” ಅಂದರು.

ಬೇಕಾಗುವ ಸಾಮಾನು

ಎರಡು ಬಕೆಟ್, ಮೆತ್ತನೆಯ ಬಟ್ಟೆ ಒಂದು ಡಜನ್, ಜಾಕ್ ಒಂದು, ಸ್ಟ್ಯಾಂಡ್ ನಾಲ್ಕು, ಮಿಲಿಮೀಟರ್ ಲೆಕ್ಕದ ಸ್ಪ್ಯಾನರ್ ಸೆಟ್ಟು, ಟಾರ್ಕ್ ರೆಂಚು, ತುಕ್ಕು ಬಿಡಿಸುವ ಎಣ್ಣೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರ ಎರಡು ಮೊಳ. ಕಡೆಯದು ಯಾಕೆಂದು ಕಡೆಯಲ್ಲಿ ಗೊತ್ತಾಗುತ್ತದೆ. ಜೊತೆಗೆ ಹೆಂಡತಿಯ ಅನುಮತಿ. ಇದು ಅಂಗಡಿಯಲ್ಲಿ ಸಿಗುವುದಿಲ್ಲ, ಕಂತಿನಲ್ಲಿ ಪಡೆಯಬೇಕು.

ಹಂತ 1: ತೊಳೆಯುವುದು

ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಸೋಪಿಗೆ ಅದ್ದಿ ಒಂದು ಭಾಗ ಒರೆಸಿ, ಬರೀ ನೀರಿನಲ್ಲಿ ಜಾಲಿಸಿ, ಮತ್ತೆ ಸೋಪಿಗೆ ಅದ್ದಿ. ಮೇಲಿನಿಂದ ಕೆಳಕ್ಕೆ ಬನ್ನಿ. ಚಕ್ರಗಳಿಗೆ ಬೇರೆ ಬಟ್ಟೆ, ಅದನ್ನು ಅಪ್ಪಿತಪ್ಪಿಯೂ ಬಾಗಿಲಿಗೆ ಮುಟ್ಟಿಸಬೇಡಿ. ಬಣ್ಣದ ಮೇಲಿನ ಗೀರುಗಳಲ್ಲಿ ಬಹುಪಾಲು ತೊಳೆಯುವವರೇ ಹಾಕಿದ್ದು, ಬಟ್ಟೆಗೆ ಹತ್ತಿದ ಮರಳು ಉಪ್ಪುಕಾಗದದ ಕೆಲಸ ಮಾಡುತ್ತದೆ.

ನನ್ನದು ಕೆಂಪು ಕಾರು. ಕಾಗದದ ಪ್ರಕಾರ ಕೆಂಪು. ಬಿಸಿಲಿಗೆ ಬೆಂದು ಬೆಂದು ಅದು ಮದುವೆಮನೆಯ ಗುಲಾಬಿ ಜಾಮೂನಿನ ಡಬ್ಬಿಯ ಹಾಗೆ ಮಾಸಿಹೋಗಿತ್ತು. ಪಾಲಿಷ್ ಹಚ್ಚಿ ಉಜ್ಜಿದಾಗ ಬಟ್ಟೆಯೆಲ್ಲ ಕುಂಕುಮವಾಯಿತು. ಕಾರಿಗೆ ಗಾಯವಾಯಿತೇನೋ ಎಂದು ಗಾಬರಿಬಿದ್ದೆ. ಗಾಬರಿ ಬೇಡ, ಹಳೇ ಬಣ್ಣದ ಸತ್ತ ಪದರ ಬಿಟ್ಟು ಕೆಳಗಿನ ಜೀವಂತ ಕೆಂಪು ಮೇಲೆ ಬರುತ್ತದೆ. ನಿಲ್ಲಿಸುವುದು ಯಾವಾಗ ಎಂಬುದೇ ಇಲ್ಲಿನ ವಿದ್ಯೆ. ಅಂಚುಗಳ ಮೇಲೆ ಇನ್ನೊಂದು ಸುತ್ತು ಉಜ್ಜಿದರೆ ಪ್ರೈಮರ್ ಕಾಣುತ್ತದೆ. ನನ್ನ ಬಲಬದಿಯ ಅಂಚಿನಲ್ಲಿ ಕಾಣುತ್ತಿದೆ.

ಡಜನ್ ಬಟ್ಟೆ ಮುಗಿದಾಗ ಅಪ್ಪ ಒಳಗೆ ಹೋಗಿ ತಮ್ಮ ಹಳೇ ಬನಿಯನ್ನು ತಂದರು. ಅವರ ಚೇತಕ್ ಸ್ಕೂಟರು ಇಪ್ಪತ್ತೆರಡು ವರ್ಷ ಬನಿಯನ್ನಿನಲ್ಲೇ ಹೊಳೆದಿತ್ತು. ನಾನು ಬೇಡವೆನ್ನುವಷ್ಟರಲ್ಲಿ ಒಂದು ಬಾಗಿಲು ಮುಗಿದಿತ್ತು. ಇಡೀ ಕಾರಿನಲ್ಲಿ ಚೆನ್ನಾಗಿ ಬಂದಿರುವುದು ಅದೇ ಬಾಗಿಲು. ಈ ವಿಷಯವನ್ನು ಇಲ್ಲಿಗೇ ಬಿಡೋಣ.

ಹಂತ 2: ಹಿಂದಿನ ಯಜಮಾನನ ಕರ್ಮ ಕಳೆಯುವುದು

ಪೂರ್ವಜನ್ಮದ ಪಾಪ ಅನುಭವಿಸುವುದು ಎಂದರೇನೆಂದು ತಿಳಿಯಬೇಕಾದರೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳಬೇಕು. ಮಾಡಿದವರು ಯಾರೋ, ಉಣ್ಣುವವರು ನಾವು. ಕಾರು ಮಾರ್ಪಡಿಸುತ್ತೇನೆ ಎಂದು ಹೊರಟವರ ನೂರು ಗಂಟೆಯಲ್ಲಿ ತೊಂಬತ್ತು ಗಂಟೆ ಹಿಂದಿನವನು ಮಾಡಿದ ಮಾರ್ಪಾಡನ್ನು ಬಿಚ್ಚುವುದರಲ್ಲೇ ಹೋಗುತ್ತದೆ. ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ.

ರೇಡಿಯೋ ಹೊರಗೆಳೆಯಿರಿ. ಹಿಂದೆ ಕೈಹಾಕಿ. ನನಗೆ ಸಿಕ್ಕಿದ್ದು ಊರಹಬ್ಬದ ಸೀರಿಯಲ್ ಸೆಟ್ಟು. ಕೆಂಪು ವೈರಿಗೆ ನೀಲಿ, ನೀಲಿಗೆ ಹಳದಿ, ಹಳದಿ ಎಲ್ಲಿಗೂ ಇಲ್ಲ. ತಿರುಚಿ ಟೇಪು ಸುತ್ತಿದ ಗಂಟುಗಳು ಹದಿನೇಳು. ಬಿಸಿಗೆ ಕರಗಿದ ಟೇಪಿನ ಅಂಟು ಬೆರಳಿಗೆ ಬೆಲ್ಲದ ಪಾಕದ ಹಾಗೆ ಹತ್ತಿಕೊಂಡಿತು. ಪ್ರತಿ ಗಂಟನ್ನು ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಬಾನೆಟ್ಟಿನ ಕೆಳಗೆ ಬ್ಯಾಟರಿ ಕಾಣಲಿಲ್ಲವೆಂದು ಹೌಹಾರಬೇಡಿ, ಈ ಕಾರಿನಲ್ಲಿ ಅದು ಡಿಕ್ಕಿಯಲ್ಲಿದೆ.

ಗಂಟುಗಳನ್ನೆಲ್ಲ ಬಿಚ್ಚಿ ಬೆಸುಗೆ ಹಾಕಿ ಮುಗಿಸಿದ ರಾತ್ರಿ ರೇಡಿಯೋ ಹಾಡಿತು. ಬಲಗಡೆಯ ಹೆಡ್‌ಲೈಟು ಮಾತ್ರ ಏಳುವುದನ್ನು ಬಿಟ್ಟಿತು. ಆ ಶನಿವಾರ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದಾಗ ಪಾರ್ಕಿಂಗ್ ಜಾಗದಲ್ಲಿ ಕಾರು ಬಂದವರಿಗೆಲ್ಲ ಕಣ್ಣು ಹೊಡೆಯುತ್ತ ನಿಂತಿತ್ತು. ಪರಿಹಾರ: ಮೋಟಾರಿನ ತುದಿಯಲ್ಲಿ ರಬ್ಬರ್ ಟೋಪಿಯ ಕೆಳಗೆ ಗುಂಡಿಯೊಂದಿದೆ, ಕೈಯಲ್ಲೇ ತಿರುಗಿಸಿ ಎಬ್ಬಿಸಬಹುದು. ರೇಷ್ಮೆ ಸೀರೆ ಉಟ್ಟವರು ನೋಡುತ್ತಿರುವಾಗ ತಿರುಗಿಸುವುದು ಕಷ್ಟ.

ಹಂತ 3: ಎತ್ತುವುದು (ಇದನ್ನು ಹಂತ 2ಕ್ಕಿಂತ ಮುಂಚೆ ಮಾಡಬೇಕಿತ್ತು)

ಎಚ್ಚರಿಕೆ. ಈ ಕೈಪಿಡಿಯಲ್ಲಿ ತಮಾಷೆಯಿಲ್ಲದ ಭಾಗ ಇದೊಂದೇ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆಯಿರಲಿ, ಬೆರಳನ್ನೂ ಇಡಬೇಡಿ. ಮುಂದೆ ಅಡ್ಡತೊಲೆಗೆ, ಹಿಂದೆ ಡಿಫರೆನ್ಷಿಯಲ್ಲಿಗೆ ಜಾಕ್ ಕೊಟ್ಟು ಎತ್ತಿ, ಪಕ್ಕಗಳಲ್ಲಿ ಸ್ಟ್ಯಾಂಡ್ ಇಟ್ಟು, ಇಳಿಸಿ, ಕಾರನ್ನು ಹಿಡಿದು ಅಲುಗಿಸಿ ನೋಡಿ. ಅಲುಗಿದರೆ ಮತ್ತೆ ಮೊದಲಿಂದ. ಚಕ್ರ ವಾಪಸು ಹಾಕುವಾಗ ನಟ್ಟುಗಳ ಬಿಗಿ 88ರಿಂದ 118 ನ್ಯೂಟನ್ ಮೀಟರ್. ‘ಕೈಗೆ ಗೊತ್ತಾಗುತ್ತೆ ಬಿಡಿ’ ಎನ್ನುವವರ ಕಾರಿನಲ್ಲಿ ಕೂರಬೇಡಿ.

ಎಂಜಿನ್ ಆಯಿಲ್ ಬದಲಿಸುವುದು ಸುಲಭ. ಫಿಲ್ಟರ್ ಬದಲಿಸುವುದು ಅಲ್ಲ. ಅದನ್ನು ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ, ದೇವರ ಕೋಣೆಯ ಹಿಂದಿನ ಗೂಡಿನಲ್ಲಿ ಬಚ್ಚಿಟ್ಟ ಡಬ್ಬಿಯ ಹಾಗೆ ಕೂರಿಸಿದ್ದಾರೆ. ಮೇಲಿನಿಂದ ಕೈ ಹೋಗದು, ಕೆಳಗಿನಿಂದ ಕಣ್ಣು ಹೋಗದು. ಕೀಬೋರ್ಡ್ ಕುಟ್ಟಿ ಹದವಾದ ನನ್ನ ಕೈ ಮೊಣಕೈವರೆಗೆ ಹೋಗಿ ಸಿಕ್ಕಿಕೊಂಡಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಎರಡು ನಿಮಿಷ ಕಾರನ್ನು ತಬ್ಬಿಕೊಂಡು ನಿಂತಿದ್ದೆ. ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟು, ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು, “ಸರ್ಕೋ” ಅಂದರು. ಎಪ್ಪತ್ತೆರಡು ವರ್ಷದ ಒಣಗಿದ ಕೈ, ನುಗ್ಗೆಕಾಯಿಯ ಹಾಗೆ ಸಲೀಸಾಗಿ ಇಳಿಯಿತು. ಅವರು ಎಂಜಿನ್ನಿನ ಕಡೆ ನೋಡಲೂ ಇಲ್ಲ. ಗ್ಯಾರೇಜಿನ ಚಾವಣಿ ನೋಡುತ್ತ, ಕತ್ತಲೆಯಲ್ಲಿ ಕೊಡದ ತಳ ತಡಕುವವರ ಹಾಗೆ ಬೆರಳಲ್ಲೇ ಹುಡುಕಿ, ಎಡಕ್ಕೆ ಒಂದು ತಿರುವು, ಇನ್ನೊಂದು ತಿರುವು. ಬಿಸಿ ಎಣ್ಣೆ ಮಣಿಕಟ್ಟಿನ ಮೇಲೆ ಹರಿದು ಮೊಣಕೈ ತುದಿಯಿಂದ ತೊಟ್ಟಿಕ್ಕಿತು. “ಸುಡುತ್ತಾ?” ಅಂದೆ. “ಅಭ್ಯಂಜನ” ಅಂದರು.

ಸೂಚನೆ: ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಎಣ್ಣೆ ಸವರಿ, ಕೈಯಲ್ಲೇ ಬಿಗಿ ಮಾಡಿ. ಹಳೇ ಫಿಲ್ಟರಿನ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆಯೇ ನೋಡಿಕೊಳ್ಳಿ. ಉಳಿದಿದ್ದರೆ ಹೊಸ ಎಣ್ಣೆಯೆಲ್ಲ ನೆಲದ ಪಾಲು.

ಹಂತ 4: ಮಾರ್ಪಾಡು

ಅಂತೂ ಮಾರ್ಪಾಡಿಗೆ ಬಂದೆವು. ಹಿಂದಿನ ಯಜಮಾನ ಕಾರು ತಗ್ಗಾಗಿ ಕಾಣಲೆಂದು ಮುಂದಿನ ಸ್ಪ್ರಿಂಗುಗಳನ್ನು ಒಂದೂವರೆ ಸುತ್ತು ಕತ್ತರಿಸಿದ್ದ. ಪ್ಯಾಂಟು ಉದ್ದವಾಯಿತೆಂದು ಕಾಲನ್ನೇ ಕುಯ್ದ ಹಾಗೆ. ಕತ್ತರಿಸಿದ ಸ್ಪ್ರಿಂಗು ಗಡುಸಾಗುತ್ತದೆ, ಶಾಕ್ ಅಬ್ಸಾರ್ಬರಿಗೆ ಆಡಲು ಜಾಗ ಉಳಿಯುವುದಿಲ್ಲ, ಅದು ತನ್ನ ತುದಿಯ ರಬ್ಬರಿನ ಮೇಲೇ ಕೂತುಬಿಡುತ್ತದೆ. ಆಮೇಲೆ ರಸ್ತೆಯ ಪ್ರತಿಯೊಂದು ಗುಂಡಿಯೂ ನೇರವಾಗಿ ನಿಮ್ಮ ಬೆನ್ನುಹುರಿಯ ಜೊತೆ ಮಾತಾಡುತ್ತದೆ.

ಅವನನ್ನು ಮನಸಾರೆ ಬೈದು, ಎತ್ತರ ಹೊಂದಿಸಬಹುದಾದ ಹೊಸ ಸಸ್ಪೆನ್ಷನ್ ತರಿಸಿ ಹಾಕಿದೆ. ಹಾಕಿದ ಮೇಲೆ, ಹೇಗೂ ಹೊಂದಿಸಬಹುದಲ್ಲ ಎಂದು, ಎರಡು ಇಂಚು ತಗ್ಗಿಸಿದೆ. ನೋಡಲು ಬಲು ಚೆಂದ. ಮನೆಮುಂದಿನ ಇಳಿಜಾರು ಇಳಿಯುವಾಗ ಹೊಟ್ಟೆ ಉಜ್ಜಿ ಬೀದಿಗೆಲ್ಲ ಕೇಳುವ ಸದ್ದು. ಎತ್ತರ ಬದಲಾದರೆ ಚಕ್ರಗಳ ಓರೆಯೂ ಬದಲಾಗುತ್ತದೆ, ಅಲೈನ್‌ಮೆಂಟ್ ಮಾಡಿಸಲೇಬೇಕು. ಮಾಡಿಸಲಿಲ್ಲ. ಒಂದೇ ಬೇಸಿಗೆಯಲ್ಲಿ ಟೈರಿನ ಒಳ ಅಂಚು ಬೋಳಾಯಿತು. ಮತ್ತೆ ಎರಡು ಇಂಚು ಏರಿಸಿದೆ. ಈಗ ಕಾರು ಹಿರೋಶಿಮಾದ ಮಾಜ್ದಾದವರು ಕಳಿಸಿದ ಎತ್ತರದಲ್ಲೇ ಇದೆ. ಖರ್ಚು ಮಾತ್ರ ನನ್ನದು.

ಸೈಲೆನ್ಸರಿನ ಕಥೆಯೂ ಇದೇ. ಅವನು ಹಾಕಿದ್ದ ಕಾಫಿ ಡಬ್ಬಿಯಂಥದ್ದನ್ನು ಕಿತ್ತು, ಕಂಪನಿಯ ಮೂಲ ಸೈಲೆನ್ಸರನ್ನು ಇನ್ನೊಬ್ಬ ಮಿಯಾಟಾದವನಿಂದ 120 ಡಾಲರಿಗೆ ಕೊಂಡೆ. ಅವನು ಅದನ್ನು ಬಿಚ್ಚಿದ್ದು ಕಾಫಿ ಡಬ್ಬಿ ಹಾಕಿಸಿಕೊಳ್ಳಲು.

ಬೆಂಗಳೂರಿನ ಭಾವಮೈದ ಫೋಟೋ ನೋಡಿ ತನ್ನ ಕಾರಿಗೂ ಇಂಥದ್ದು ಮಾಡಿಸುತ್ತೇನೆ ಅಂದ. ಭಾರತದ ಓದುಗರ ಗಮನಕ್ಕೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ರೂಪವನ್ನು ಮನಬಂದಂತೆ ಬದಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿದೆ. ಭಾವಮೈದ ಈಗ ಸೀಟು ಕವರಿಗೆ ಇಳಿದಿದ್ದಾನೆ.

ಹಂತ 5: ಪೂಜೆ

ಆಯುಧಪೂಜೆಯ ದಿನ ಬೆಳಿಗ್ಗೆ ಚಾವಣಿ ಮಡಚಿ ಕಾರನ್ನು ಹೊರಗೆ ನಿಲ್ಲಿಸಿ. ಚಾವಣಿ ಮಡಚುವ ಮುಂಚೆ ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಬೇಕು, ಇಲ್ಲದಿದ್ದರೆ ಅದು ಮಡಿಕೆಯಲ್ಲಿ ಸಿಕ್ಕಿ ಬಿರಿಯುತ್ತದೆ. ಜನವರಿಯ ಚಳಿಯಲ್ಲಂತೂ ಹಪ್ಪಳ. ಹಪ್ಪಳವಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅಪ್ಪನೇ ಪುರೋಹಿತರು. ಬಾನೆಟ್ಟಿಗೆ ವಿಭೂತಿ ಕುಂಕುಮ, ಸೂಪರ್‌ಮಾರ್ಕೆಟ್ಟಿನ ಕುಂಡದಿಂದ ಕಿತ್ತ ಸೇವಂತಿಗೆ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಎಡಿಸನ್ ಊರಿನ ಅಂಗಡಿಯಿಂದ ತಂದ ಬೂದುಗುಂಬಳವನ್ನು ಒಳಗೆ ಕುಂಕುಮ ತುಂಬಿ ಮನೆಮುಂದೆ ಒಡೆದರು. ಡ್ರೈವ್‌ವೇನಲ್ಲಿ ಕಾರು ರಿಪೇರಿ ಮಾಡಬಾರದೆಂದು ಬಡಾವಣೆಯ ಸಂಘದಿಂದ ಎರಡು ಸಲ ಪತ್ರ ಬಂದಿತ್ತು. ಕುಂಬಳದ ಬಗ್ಗೆ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಹ್ಯಾಲೊವೀನ್ ಹತ್ತಿರವಿರುವಾಗ ಅಮೆರಿಕದ ಬೀದಿಯಲ್ಲಿ ಒಡೆದ ಕುಂಬಳ ಯಾರ ಕಣ್ಣಿಗೂ ಬೀಳದು. ಕಡೆಗೆ ಮಂಗಳಾರತಿ ಮಾಡಿ, ಎಲ್ಲರ ಕೈಗೂ ಅಕ್ಷತೆ ಕೊಟ್ಟು, ಹಾಕಿ ಎಂದರು. ಮಕ್ಕಳು ಮದುವೆಮನೆಯ ಹುರುಪಿನಲ್ಲಿ ಎರಚಿದರು. ಚಾವಣಿ ತೆರೆದಿತ್ತು ಎಂಬುದನ್ನು ಇಲ್ಲಿ ಮತ್ತೊಮ್ಮೆ ನೆನಪಿಸುತ್ತೇನೆ.

ತೊಂದರೆ ಮತ್ತು ಪರಿಹಾರ

ತೊಂದರೆ: ಮಳೆ ಬಂದ ಮಾರನೇ ದಿನ ಸೀಟಿನ ಹಿಂದಿನ ಕಾರ್ಪೆಟ್ಟು ಒದ್ದೆ. ಒಳಗೆ ಹಳೇ ಬಾವಿಯ ವಾಸನೆ.

ಕಾರಣ: ಬಟ್ಟೆಯ ಚಾವಣಿಯ ಮೇಲೆ ಬಿದ್ದ ನೀರು ಹಿಂದಿನ ಕಾಲುವೆಗೆ ಇಳಿದು, ಸೀಟುಗಳ ಹಿಂದೆ ಎಡಕ್ಕೊಂದು ಬಲಕ್ಕೊಂದು ಇರುವ ಕೊಳವೆಗಳ ಮೂಲಕ ಕಾರಿನ ಅಡಿಗೆ ಹೋಗಬೇಕು. ಕೊಳವೆ ಕಟ್ಟಿಕೊಂಡರೆ ನೀರು ಒಳಕ್ಕೆ ಬರುತ್ತದೆ, ಬಾಗಿಲ ಕೆಳಗಿನ ಪಟ್ಟಿಗಳಿಗೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ಗುಳ್ಳೆ ಕಂಡಾಗ ಒಳಗೆ ಏನೂ ಉಳಿದಿರುವುದಿಲ್ಲ. ಈ ಕಾರುಗಳು ಸಾಯುವುದು ಎಂಜಿನ್ ಕೆಟ್ಟಲ್ಲ, ಹೀಗೆ.

ಪರಿಹಾರ: ನೈಲಾನ್ ದಾರ. ಕಬ್ಬಿಣದ ತಂತಿ ತೂರಿಸಿದರೆ ಕೊಳವೆಯೇ ಹರಿದುಹೋಗುತ್ತದೆ. ದಾರವನ್ನು ಮೆಲ್ಲಗೆ ಬಿಟ್ಟು, ತಿರುವಿ, ಎಳೆಯಿರಿ. ಮಾರ್ಚಿನ ಒಂದು ಭಾನುವಾರ ನಾನು ಹಾಗೆ ಎಳೆದೆ. ಮೊದಲು ಬಂದದ್ದು ಪೈನ್ ಮರದ ಸೂಜಿಎಲೆಗಳ ಕಪ್ಪು ಮುದ್ದೆ. ನಮ್ಮ ಬೀದಿಯಲ್ಲಿ ಪೈನ್ ಇಲ್ಲ, ಹಾಗಾಗಿ ಅದು ಹಿಂದಿನ ಯಜಮಾನನದು. ಬೈದೆ. ಆಮೇಲೆ ಒಂದು ಸೆಂಟಿನ ನಾಣ್ಯ, ಅದೂ ಅವನದೇ. ಬೈದೆ. ಆಮೇಲೆ ಕೊಳೆತ ಸೇವಂತಿಗೆಯ ಎಸಳು. ಅದರ ಹಿಂದೆ ಉಬ್ಬಿಕೊಂಡ ಅಕ್ಕಿಕಾಳುಗಳು ಒಂದೊಂದಾಗಿ ಬಂದವು, ಅರಿಶಿನ ಇನ್ನೂ ಬಿಟ್ಟಿರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಅವರು ವಾಪಸು ಹೋಗಿ ಮೂರು ವಾರವಾಗಿತ್ತು. ಎಲ್ಲ ಕೇಳಿಸಿಕೊಂಡು, “ಫಿಲ್ಟರ್ ಸೋರ್ತಿಲ್ಲ ತಾನೆ?” ಅಂದರು. ಇಲ್ಲ ಅಂದೆ.

ಎಡಗಡೆ ಒಂದು ಚೊಂಬು ನೀರು ಸುರಿದರೆ ಸರ್ರನೆ ಇಳಿಯುತ್ತದೆ. ಬಲಗಡೆ ಇನ್ನೂ ಕೊಂಚ ನಿಧಾನ. ಮುಂದಿನ ಯಜಮಾನರು ದಯವಿಟ್ಟು ಗಮನಿಸಿ: ವರ್ಷಕ್ಕೆರಡು ಸಲ ದಾರ ಹಾಕಿ. ಹಳದಿ ಅಕ್ಕಿ ಸಿಕ್ಕರೆ ಅದು ಇಲಿಯ ಕೆಲಸವಲ್ಲ.