ಬೋಧಕಿಯಮ್ಮನಿಗೆ ಒಂದು ಶಾಲು

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಿಗದೆ ಮುಂದಿನ ಸಾಲಿನಲ್ಲಿ ಮುಖ ಊದಿಸಿಕೊಂಡಿರುವ ಗಣ್ಯರೇ, ದೊಡ್ಡೇರಿ ಹೋಬಳಿಯ ತಾಯಂದಿರೇ,

ಇಂದು ಸೆಪ್ಟೆಂಬರ್ 8, ವಿಶ್ವ ಸಾಕ್ಷರತಾ ದಿನ. 1967ರಿಂದ ಜಗತ್ತೇ ಆಚರಿಸುತ್ತಿರುವುದನ್ನು ನಾವು ಶಾಮಿಯಾನ, ಮೈಕು, ಚಿತ್ರಾನ್ನ ಸಮೇತ ಆಚರಿಸುತ್ತಿದ್ದೇವೆ. ಸ್ವಯಂಸೇವಕ ಬೋಧಕಿಯಮ್ಮ ಮುಂದೆ ಬರಬೇಕು. ಈ ಶಾಲು ತಮಗೆ. ಫೋಟೋ ಆದ ಮೇಲೆ ಹಾರ ಮಾತ್ರ ವಾಪಸ್ ಕೊಡಿ, ಇನ್ನಿಬ್ಬರಿಗೆ ಹಾಕಬೇಕು.

ತಮ್ಮ ತ್ಯಾಗವನ್ನು ಹೊಗಳಲು ನಮ್ಮಲ್ಲಿ ಪದಗಳಿಲ್ಲ. ದುಡ್ಡಂತೂ ಮೊದಲೇ ಇಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು, 2009ರಲ್ಲಿ ಸಾಕ್ಷರ ಭಾರತ, 2022ರಲ್ಲಿ ಉಲ್ಲಾಸ್. ಹೆಸರು ಬದಲಾಯಿತು, ಬ್ಯಾನರ್ ಬದಲಾಯಿತು. ಸ್ವಯಂಸೇವಕರಿಗೆ ಸಂಬಳವಿಲ್ಲ ಎಂಬ ನಿಯಮ ಮಾತ್ರ ನಮ್ಮ ಮಧುಗಿರಿಯ ಏಕಶಿಲಾ ಬೆಟ್ಟದ ಹಾಗೆ ಅಲ್ಲಾಡದೆ ನಿಂತಿದೆ. ದೇಶ ಕಟ್ಟುವ ಕೆಲಸಕ್ಕೆ ಯಾರಾದರೂ ಕೂಲಿ ಕೇಳುತ್ತಾರೆಯೇ? (ನನ್ನ ಪ್ರಯಾಣ ಭತ್ಯೆಯ ವಿಷಯ ಬೇರೆ.)

ತಮ್ಮ ತರಗತಿಯನ್ನು ಕಣ್ಣಾರೆ ಕಂಡಿದ್ದೇನೆ. ಹಗಲೆಲ್ಲ ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತವರು, ಮುದ್ದೆ ತೊಳಸಿ ಮನೆಯವರಿಗೆ ಬಡಿಸಿ, ಗುಡಿ ಜಗಲಿಗೆ ಬಂದು ಕೂರುತ್ತಾರೆ. ಪೆನ್ಸಿಲನ್ನು ಒತ್ತುವ ರಭಸಕ್ಕೆ ಮೊನೆ ಮುರಿಯುತ್ತದೆ, ಹಾಳೆ ತೂತಾಗುತ್ತದೆ. ಇವತ್ತು ಬರೆದ ‘ಳ’ ನಾಳೆಯ ಪುಟದಲ್ಲೂ ಮೂಡಿರುತ್ತದೆ.

ಈ ಹೆಂಗಸರು ಸಹಿ ಕಲಿತಾಗ ನಮಗೆಲ್ಲ ಬಹಳ ಸಂತೋಷವಾಯಿತು. ಆದರೆ ತಾಯಿ, ತಾವು ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಉಲ್ಲಾಸ್ ಪರೀಕ್ಷೆಯ 150 ಅಂಕಗಳಲ್ಲಿ ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50 ಇರುವುದು ನಿಜ. ಹಾಗಂತ ಮೂರನ್ನೂ ನಿಜವಾಗಿ ಕಲಿಸಿಬಿಡುವುದೇ? ಈಗ ಸಂಘದ ಸಾಲದ ಕಾಗದ ಮುಂದಿಟ್ಟರೆ, “ತಡಿಯಪ್ಪ, ಬಡ್ಡಿ ಎಷ್ಟು ಅಂತ ಬರ್ದಿದ್ದೀಯ?” ಎನ್ನುತ್ತಾರೆ. ಕೂಲಿಯ ಹಾಜರಿ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಕೂಡಿಸಿ ಓದಿ, “ನಮ್ ಮಾವಯ್ಯ ತೀರ್ಕಂಡು ಎಲ್ಡು ವರ್ಷ ಆತಲ್ಲಪ್ಪ, ಕೆಲ್ಸಕ್ಕೆ ಯಾವಾಗ ಬಂದ್ರು?” ಎಂದು ಜನರೆದುರೇ ಕೇಳುತ್ತಾರೆ. ಇಂಥ ಪ್ರಶ್ನೆಗೆ ಉತ್ತರ ಕೊಡುವ ತರಬೇತಿಯನ್ನು ನಮಗೆ ಯಾವ ಯೋಜನೆಯಲ್ಲೂ ಕೊಟ್ಟಿಲ್ಲ.

2011ರ ಜನಗಣತಿಯಂತೆ ರಾಜ್ಯದ ಹೆಂಗಸರಲ್ಲಿ ಅಕ್ಷರ ಬಲ್ಲವರು ಶೇ 68. ಉಳಿದವರಿಗೂ ತಾವು ಹೀಗೇ ಕಲಿಸುತ್ತ ಹೋದರೆ ಕಚೇರಿ ನಡೆಸುವವರ ಗತಿ ಏನು? ದಯವಿಟ್ಟು ಯೋಚಿಸಿ.

ಜಗಲಿಗೆ ಒಂದು ಬಲ್ಬು, ಒಂದು ಕರಿಹಲಗೆ, ಓದು ಕಲಿತವರಿಗೆ ದಿನಾ ಒಂದು ಪೇಪರು ಬೇಕೆಂದು ತಾವು ಕೊಟ್ಟ ಅರ್ಜಿ ಪರಿಶೀಲನೆಯಲ್ಲಿದೆ. ಮುಂದಿನ ಸಾಕ್ಷರತಾ ದಿನಕ್ಕೂ ಪರಿಶೀಲನೆಯಲ್ಲೇ ಇರುತ್ತದೆ ಎಂದು ಭರವಸೆ ಕೊಡುತ್ತೇನೆ.

ಊಟದ ವ್ಯವಸ್ಥೆ ಹಿಂದುಗಡೆ ಇದೆ. ತಾಯಂದಿರು ಬಾಗಿಲಲ್ಲಿಟ್ಟಿರುವ ಪುಸ್ತಕದಲ್ಲಿ ಸಹಿ ಹಾಕಿ ಹೋಗಬೇಕು. ಮೇಲೆ ಏನು ಬರೆದಿದೆ ಎಂದು ಓದುತ್ತ ನಿಲ್ಲಬೇಡಿ, ಚಿತ್ರಾನ್ನ ಆರಿಹೋಗುತ್ತದೆ.