ನಿಲ್ ಎಂದಾದರೂ ಬರೆದಿಡಿ

ರೂಬಿ ಭಾಷೆಯಲ್ಲಿ ಹೆಸರಿನ ಮುಂದೆ @ ಚಿಹ್ನೆ ಹೊತ್ತ ಇನ್‌ಸ್ಟನ್ಸ್ ವೇರಿಯೇಬಲ್ ಆಯಾ ಆಬ್ಜೆಕ್ಟಿನ ಸ್ವಂತ ಆಸ್ತಿ. ಅದಕ್ಕೆ ಮುಂಚಿತ ಘೋಷಣೆ ಬೇಕಿಲ್ಲ. ಇಲ್ಲದ ಆಸ್ತಿಯ ವಿಚಾರ ಕೇಳಿದರೂ ರೂಬಿ ಸಿಡುಕದೆ ‘ನಿಲ್’ ಎನ್ನುತ್ತದೆ. ಹಿಂದೆ, ಎಚ್ಚರಿಕೆಗಳನ್ನು ಆನ್ ಮಾಡಿ ಓಡಿಸಿದವರ ಮುಂದಾದರೂ ಗೊಣಗುತ್ತಿತ್ತು. 2020ರ ಕೊನೆಗೆ ಬಂದ 3.0 ಆವೃತ್ತಿಯಲ್ಲಿ ಅದನ್ನೂ ಬಿಟ್ಟಿತು. ಮೊದಲೇ ಆರಾಮಪ್ರಿಯರಾದ ಪ್ರೋಗ್ರಾಮರುಗಳು ಕಾಲು ಚಾಚಿ ಕುಳಿತರು.

2022ರ ಕ್ರಿಸ್‌ಮಸ್ ದಿನ ಬಂದ 3.2 ಆವೃತ್ತಿ ‘ಆಬ್ಜೆಕ್ಟ್ ಶೇಪ್’ ಎಂಬ ವ್ಯವಸ್ಥೆ ತಂದಿತು. ಯಾವ ವೇರಿಯೇಬಲ್ ಯಾವುದರ ನಂತರ ಹುಟ್ಟಿತು ಎಂಬ ದಾಖಲೆಯೇ ಶೇಪ್. ಇದರ ತರ್ಕ ಮದುವೆ ಊಟದ ಪಂಕ್ತಿಯದು: ಎಲ್ಲರ ಎಲೆಯಲ್ಲೂ ಉಪ್ಪು, ಕೋಸಂಬರಿ, ಪಲ್ಯ ಒಂದೇ ಕ್ರಮದಲ್ಲಿದ್ದರೆ ಬಡಿಸುವವನ ಕೈ ನೋಡದೆಯೇ ಜಾಗ ಹಿಡಿಯುತ್ತದೆ, ಎಲೆಗೊಂದು ಕ್ರಮವಾದರೆ ಪ್ರತಿಯೊಬ್ಬರ ಮುಂದೂ ಬಗ್ಗಿ ಹುಡುಕಬೇಕು.

ಕ್ರಮ ಕೆಡಿಸುವುದರಲ್ಲಿ ||= ಎಂಬ ಚಿಹ್ನೆಯದು ಎತ್ತಿದ ಕೈ. ‘ಬೇಕಾದಾಗ ಲೆಕ್ಕ ಹಾಕಿ ಇಟ್ಟುಕೊಂಡರಾಯಿತು’ ಎಂಬುದು ಅದರ ಧರ್ಮ. ಮಿತವ್ಯಯವೇನೋ ಹೌದು. ಆದರೆ ಒಂದು ಕ್ಲಾಸಿನಲ್ಲಿ ಇಂಥ ವೇರಿಯೇಬಲ್‌ಗಳು ನಾಲ್ಕಿದ್ದರೆ ಅವು 24 ಬೇರೆ ಬೇರೆ ಕ್ರಮಗಳಲ್ಲಿ ಹುಟ್ಟಬಹುದು. ರೂಬಿಯ ಸಹನೆಯೋ, ಕ್ಲಾಸಿಗೆ 8 ಶೇಪ್ ಭೇದಗಳಷ್ಟೇ. ಅದು ಮುಗಿದ ಮೇಲೆ ಹೊಸ ಕ್ರಮ ಹಿಡಿದು ಬಂದ ಆಬ್ಜೆಕ್ಟುಗಳ ವೇರಿಯೇಬಲ್‌ಗಳನ್ನು ಹ್ಯಾಶ್ ಟೇಬಲ್ಲಿಗೆ ತುಂಬುತ್ತದೆ. ಓಟ ನಿಧಾನ, ಮೆಮೊರಿ ಖರ್ಚು ಜಾಸ್ತಿ. 2023ರ 3.3 ಆವೃತ್ತಿಯಿಂದ ಈ ಘಟ್ಟದಲ್ಲಿ ಪರ್ಫಾರ್ಮೆನ್ಸ್ ಎಚ್ಚರಿಕೆಯೊಂದು ಬರುತ್ತದೆ. ಬರುತ್ತದೆ ಎಂದರೆ, ಕರೆದವರಿಗೆ ಮಾತ್ರ. ಉಳಿದ ಎಚ್ಚರಿಕೆಗಳನ್ನೆಲ್ಲ ಆನ್ ಮಾಡಿದರೂ ಈ ಸಂಕೋಚದ ಪ್ರಾಣಿ ಹೊರಬೀಳದು. ಅದನ್ನು ಪ್ರತ್ಯೇಕವಾಗಿಯೇ ಆಹ್ವಾನಿಸಬೇಕು.

ಪರಿಹಾರವನ್ನು ಎಚ್ಚರಿಕೆಯೇ ಹೇಳುತ್ತದೆ: ಇನಿಷಿಯಲೈಜ್ ಮೆಥಡ್ಡಿನಲ್ಲಿ ಎಲ್ಲ ವೇರಿಯೇಬಲ್‌ಗಳನ್ನೂ ಒಂದೇ ಕ್ರಮದಲ್ಲಿ ಬರೆದಿಡುವುದು. ಕೊಡಲು ಬೆಲೆಯೇನೂ ಇಲ್ಲದಿದ್ದರೆ ನಿಲ್ ಕೊಟ್ಟರೂ ಸಾಕು, ||= ಎಂದಿನಂತೆ ದುಡಿಯುತ್ತದೆ. ಅಲ್ಲಿಯೇ ‘ಇಫ್’ ಹಾಕಿ ಕೆಲವನ್ನು ಬಿಟ್ಟರೆ ಮಾತ್ರ ಮತ್ತೆ ಕವಲು.

ನಿಜವಾದ ಹೊಂಡ ಇರುವುದು ಬೇರೆ ಕಡೆ. ಲೆಕ್ಕದ ಉತ್ತರವೇ ನಿಲ್ ಆಗಬಹುದಾದಲ್ಲಿ ||= ಪ್ರತಿಸಲವೂ ಹೊಸದಾಗಿ ಲೆಕ್ಕಕ್ಕೆ ಕೂರುತ್ತದೆಂದು, ಜಾಣರು ‘ಡಿಫೈನ್ಡ್?’ ಎಂದು ಕೇಳಿ ನೋಡುತ್ತಾರೆ. ಮೊದಲೇ ನಿಲ್ ಬರೆದಿಟ್ಟ ಕ್ಲಾಸಿನಲ್ಲಿ ಆ ಪ್ರಶ್ನೆಗೆ ಸದಾ ‘ಹೌದು’. ಲೆಕ್ಕ ನಡೆಯುವುದೇ ಇಲ್ಲ. ವೇಗವಂತೂ ಅದ್ಭುತ, ಉತ್ತರ ಮಾತ್ರ ಯಾವಾಗಲೂ ನಿಲ್. ಅಲ್ಲಿ ನಿಲ್ ಬದಲು ‘ಇನ್ನೂ ಲೆಕ್ಕವಾಗಿಲ್ಲ’ ಎಂದು ಸೂಚಿಸುವ ಬೇರೊಂದು ಆಬ್ಜೆಕ್ಟನ್ನು ಕಾನ್‌ಸ್ಟಂಟಿನಲ್ಲಿಟ್ಟು, ವೇರಿಯೇಬಲ್ಲಿಗೆ ಅದನ್ನೇ ಕೊಟ್ಟು, ಹೋಲಿಕೆಯನ್ನೂ ಅದರ ಜೊತೆಗೇ ಮಾಡಬೇಕು.